'ಬಾಲೂ ತಮ್ಮ' ಫಾಂಟಿಗೆ ಮತ್ತೆ ಬೋಲ್ಡ್ ಒತ್ತಬೇಕಾ?

ಪ್ರಶ್ನೆ: ದೇವಸ್ಥಾನದ ಬ್ರಹ್ಮಕಲಶೋತ್ಸವದ ಫ್ಲೆಕ್ಸಿಗೆ 'ಬಾಲೂ ತಮ್ಮ' ಅನ್ನುವ ಕನ್ನಡ ಫಾಂಟ್ ಹಾಕಿದೆವು. ಇನ್ನೂ ಎದ್ದು ಕಾಣಲಿ ಅಂತ ಬೋಲ್ಡ್ ಒತ್ತಿದರೆ ಅಕ್ಷರವೆಲ್ಲ ಕಲಸಿಹೋಯಿತು. ಫಾಂಟ್ ಸರಿ ಇಲ್ವಾ?

ಫಾಂಟ್ ಸರಿಯಾಗೇ ಇದೆ ಮಾರಾಯ್ರೇ. ನಮ್ಮ ಕಾಸರಗೋಡಿನಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಜಾತ್ರೆ ಸೀಸನ್ ಶುರುವಾದ ಕೂಡಲೇ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ. ಫಾಂಟ್ ತಯಾರಿಸುವ ಮುಂಬೈಯ ಏಕ್ ಟೈಪ್‌ನವರ ಬಾಲೂ ತಮ್ಮ ಹುಟ್ಟಿದ್ದೇ ದಪ್ಪಗೆ, ತುದಿಗಳೆಲ್ಲ ದುಂಡಗೆ. ತಲೆಬರಹಕ್ಕೆ, ಬೋರ್ಡಿಗೆ ಅಂತಲೇ ಮಾಡಿದ್ದು. ಮೊದಲು ಬಂದದ್ದರಲ್ಲಿ ಇದ್ದದ್ದು ಒಂದೇ ದಪ್ಪ. ಅದರ ಮೇಲೆ ಮತ್ತೆ ಬೋಲ್ಡ್ ಒತ್ತಿದರೆ ಇನ್ನೇನಾಗಬೇಕು?

ಬಟನ್ ಒತ್ತಿದರೆ ಯಾವ ಫಾಂಟಾದರೂ ಚೆಂದಕ್ಕೆ ದಪ್ಪ ಆಗುತ್ತದೆ ಅನ್ನುವ ನಂಬಿಕೆ ಮಾತ್ರ ಎಷ್ಟು ಹೇಳಿದರೂ ಹೋಗುವುದಿಲ್ಲ. "ಇಂಗ್ಲಿಷಿಗೆ ಸರಿ ಬರ್ತದಲ್ಲ?" ಅಂತ ವಾದ ಬೇರೆ. ಬರುತ್ತದೆ, ಯಾಕೆಂದರೆ ಏರಿಯಲ್‌ಗೆ ಬೋಲ್ಡ್ ಅಕ್ಷರಗಳದ್ದೇ ಪ್ರತ್ಯೇಕ ಫೈಲ್ ಇದೆ. ಬಟನ್ ಒತ್ತಿದಾಗ ವರ್ಡ್ ಸುಮ್ನೆ ಆ ಫೈಲಿಗೆ ಹಾರುತ್ತದೆ. ಯಾರೋ ಕೂತು ಬರೆದಿಟ್ಟ ದಪ್ಪ ಅದು. ಅಂಥ ಫೈಲ್ ಇಲ್ಲದಿದ್ದರೆ ವರ್ಡ್ ತಾನೇ ಗೆರೆಯ ಸುತ್ತ ಮಸಿ ಬಳಿಯುತ್ತದೆ. ಎಲ್ಲಿ ಇಕ್ಕಟ್ಟು, ಎಲ್ಲಿ ಖಾಲಿ ಅಂತ ಅದಕ್ಕೇನು ಗೊತ್ತು? "ಎಡನೀರು ಮಠ" ಅಂತ ಟೈಪ್ ಮಾಡಿ, ಬೋಲ್ಡ್ ಒತ್ತಿ, ಠ ಒಂದನ್ನೇ ದೊಡ್ಡದು ಮಾಡಿ ನೋಡಿ. ಒಳಗಿನ ಚುಕ್ಕಿ ಹೊರಗೆ ಊದುತ್ತದೆ, ಸುತ್ತಲಿನ ಗೆರೆ ಒಳಗೆ ಊದುತ್ತದೆ, ನಡುವಿನ ಬಿಳಿ ಜಾಗ ಎರಡೂ ಕಡೆಯಿಂದ ಹೋಯಿತು. ಉಳಿದದ್ದು ಕರಿ ಉಂಡೆ. ಬ್ರಹ್ಮದ ಹ್ಮ, ರಾಷ್ಟ್ರದ ಷ್ಟ್ರ, ಇವುಗಳ ಗತಿ ಕೇಳುವುದೇ ಬೇಡ. ಅಕ್ಷರ ಬರೆಯುವವರು ದಪ್ಪ ಮಾಡುವಾಗ ಠವನ್ನು ಸ್ವಲ್ಪ ಅಗಲ ಮಾಡುತ್ತಾರೆ, ಗೆರೆ ಗೆರೆ ಕೂಡುವಲ್ಲಿ ತೆಳು ಮಾಡುತ್ತಾರೆ, ಒತ್ತಕ್ಷರಕ್ಕೆ ಬೇರೆಯೇ ಲೆಕ್ಕ. ಫ್ಲೆಕ್ಸ್ ವಿನ್ಯಾಸದ ಸಾಫ್ಟ್‌ವೇರ್ ಕೋರಲ್‌ನಲ್ಲಿ ಅದೇ ಬಣ್ಣದ ಔಟ್‌ಲೈನ್ ಕೊಟ್ಟು ದಪ್ಪ ಮಾಡುವವರೇ, ನಿಮ್ಮದೂ ಇದೇ ಕಥೆ.

ದಪ್ಪದಲ್ಲಿ ಹೆಚ್ಚುಕಮ್ಮಿ ಬೇಕಾದರೆ ಬಾಲೂ ತಮ್ಮ 2 ಇಳಿಸಿಕೊಳ್ಳಿ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್ ತನಕ ಐದು ದಪ್ಪಗಳಿವೆ, ಐದೂ ಕಂಪ್ಯೂಟರಿಗೆ ಹಾಕಿಕೊಳ್ಳಿ. ಹಳೇ ನುಡಿ ಸಾಫ್ಟ್‌ವೇರಿನ ಫೈಲಿನಲ್ಲಿರುವ ಆಸ್ಕಿ ಅಕ್ಷರಕ್ಕೆ (ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ತೋರಿಸುವ ಹಳೇ ಪದ್ಧತಿ) ಇದನ್ನು ಹಾಕಿದರೆ ಇಂಗ್ಲಿಷ್ ಕಲಸುಮೇಲೋಗರ ಬರುತ್ತದೆ. ಮೊದಲು ಯುನಿಕೋಡ್ ಮಾಡಿಕೊಳ್ಳಿ, ಅದರಲ್ಲಿ ಕನ್ನಡಕ್ಕೇ ಪ್ರತ್ಯೇಕ ಸಂಕೇತ ಇದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಫ್ಲೆಕ್ಸ್ ಅಂದರೆ ಕನ್ನಡದ ಕೆಳಗೆ ಮಲಯಾಳ ಇದ್ದೇ ಇರುತ್ತದೆ ಅಲ್ವಾ? ಅದಕ್ಕೆ ಎಲ್ಲಿಂದಲೋ ಒಂದು ಫಾಂಟ್ ತಂದು ಹಾಕಬೇಡಿ. ಇದೇ ಕುಟುಂಬದಲ್ಲಿ ಬಾಲೂ ಚೇಟ್ಟನ್ 2 ಇದೆ, ಎರಡರದ್ದೂ ದಪ್ಪ ಹೊಂದುತ್ತದೆ. ಆದರೆ ಮಲಯಾಳ ಅಡ್ಡಕ್ಕೆ ಜಾಸ್ತಿ ಜಾಗ ಕೇಳುತ್ತದೆ, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲು ಒತ್ತೊತ್ತಾಗಿ ಕೂರಿಸಿದರೆ ಷ್ಟ್ರ ಹೋಗಿ ಮಲಯಾಳದ ತಲೆ ಮೇಲೆ ಕೂರುತ್ತದೆ. ನಡುವೆ ಧಾರಾಳ ಜಾಗ ಬಿಡಿ. ಅದಕ್ಕೆ ಸಮಿತಿಯವರ ಫೋಟೋ ಎರಡು ಕಡಿಮೆಯಾದರೂ ಅಡ್ಡಿಲ್ಲ.