ಕೇಬಲ್ಲಿನ ಹಾದಿಯಲ್ಲಿ ಎಷ್ಟು ತಿರುವು?

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಗಾಯೋಲೆ ಇನ್ ಕಿಯಾಂತಿ ಎಂಬ ಚಿಕ್ಕ ಊರಿದೆ. ಅಕ್ಟೋಬರ್ ತಿಂಗಳ ಆರಂಭದಲ್ಲಿ ಅಲ್ಲಿಂದ ಸಾವಿರಾರು ಸೈಕಲ್ ಸವಾರರು ದ್ರಾಕ್ಷಿ ತೋಟಗಳ ನಡುವಿನ ಬಿಳಿ ಜಲ್ಲಿ ರಸ್ತೆಗಳಿಗೆ ಇಳಿಯುತ್ತಾರೆ. ‘ಎರೋಯಿಕಾ’ ಎಂಬ ಈ ಸವಾರಿ 1997ರಲ್ಲಿ ಜಿಯಾನ್‌ಕಾರ್ಲೊ ಬ್ರೊಚ್ಚಿ ಅವರ ಪ್ರಯತ್ನದಿಂದ ಆರಂಭವಾದಾಗ ಭಾಗವಹಿಸಿದವರು 92 ಮಂದಿ ಮಾತ್ರ. ಇದರ ನಿಯಮಗಳೇ ಇದರ ವಿಶೇಷ. ಸೈಕಲ್ 1987ಕ್ಕಿಂತ ಹಿಂದಿನದಾಗಿರಬೇಕು, ಗೇರ್ ಬದಲಿಸುವ ಲಿವರ್ ಹ್ಯಾಂಡಲ್ಲಿನ ಮೇಲಲ್ಲದೆ ಚೌಕಟ್ಟಿನ ಓರೆ ಕೊಳವೆಯ ಮೇಲಿರಬೇಕು, ಬ್ರೇಕಿನ ಕೇಬಲ್ ಹ್ಯಾಂಡಲ್ ಪಟ್ಟಿಯ ಒಳಗೆ ಅಡಗದೆ ಹೊರಗೆ ಕಾಣುತ್ತಿರಬೇಕು, ಪೆಡಲಿಗೆ ಲೋಹದ ಕೊಂಡಿ ಮತ್ತು ಚರ್ಮದ ಪಟ್ಟಿ ಇರಬೇಕು.

ಇದನ್ನು ಕಳೆದ ಕಾಲದ ಹಂಬಲ ಎಂದು ಕರೆದು ಸುಮ್ಮನಾಗುವುದು ಸುಲಭ, ಮತ್ತು ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಹಳೆಯ ತಲೆಮಾರಿನ ಗೇರು, ಹಬ್ಬು (ಚಕ್ರದ ನಡುಭಾಗ), ಲಿವರುಗಳನ್ನು ಹುಡುಕಿ ತಂದು, ತೊಳೆದು, ಗ್ರೀಸ್ ತುಂಬಿ ದಿನನಿತ್ಯ ಓಡಿಸುವವರಲ್ಲಿ ಆ ಕಾಲದಲ್ಲಿ ಹುಟ್ಟೇ ಇರದವರು ಬಹಳ ಮಂದಿ ಇದ್ದಾರೆ. ಅವರಿಗೆ ನೆನಪಿಸಿಕೊಳ್ಳಲು ಹಳೆಯದೇನೂ ಇಲ್ಲ. ಅವರ ಅಕ್ಕರೆಗೆ ಯಂತ್ರಶಾಸ್ತ್ರದಲ್ಲಿಯೇ ಕಾರಣಗಳಿವೆ, ಮತ್ತು ಆ ಕಾರಣಗಳನ್ನು ಅಳೆಯಬಹುದು ಎಂಬುದು ನನ್ನ ಅನುಭವ.

ಓರೆ ಕೊಳವೆಯ ಮೇಲಿನ ಲಿವರಿನಿಂದಲೇ ತೊಡಗೋಣ. ಹೆಬ್ಬೆರಳಿನಷ್ಟು ಉದ್ದದ ಆ ಅಲ್ಯೂಮಿನಿಯಂ ತುಂಡಿನಲ್ಲಿ ‘ಟಕ್’ ಎಂದು ನಿಲ್ಲುವ ಮೆಟ್ಟಿಲುಗಳು ಇಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂಬದಿಯ ಡಿರೈಲರಿನಲ್ಲಿರುವ ಸ್ಪ್ರಿಂಗು ಕೇಬಲ್ಲನ್ನು ಸದಾ ತನ್ನತ್ತ ಎಳೆಯುತ್ತಿರುತ್ತದೆ. ಲಿವರನ್ನು ಇಟ್ಟ ಜಾಗದಲ್ಲಿ ಹಿಡಿದು ನಿಲ್ಲಿಸುವುದು ವಾಷರುಗಳ ನಡುವಿನ ಘರ್ಷಣೆ ಮಾತ್ರ. ಸ್ಕ್ರೂ ಬಿಗಿದಷ್ಟೂ ಘರ್ಷಣೆ ಹೆಚ್ಚು, ಲಿವರು ಗಟ್ಟಿ. ಸಡಿಲಿಸಿದರೆ ಲಿವರು ಹಗುರ, ಆದರೆ ಏರಿನಲ್ಲಿ ಒತ್ತಿ ತುಳಿಯುವಾಗ ಗೇರು ತಾನಾಗಿಯೇ ಜಾರುತ್ತದೆ. ಹೀಗಾಗಿ ಗೇರ್ ಬದಲಿಸುವುದೆಂದರೆ ಕೈಯಿಂದ ಲಿವರನ್ನು ಎಳೆದು, ಚೈನು ಪಕ್ಕದ ಹಲ್ಲುಚಕ್ರಕ್ಕೆ ಏರಿದ ಮೇಲೆ ಹಲ್ಲುಗಳು ಕರಕರ ಎನ್ನುತ್ತಿವೆಯೇ ಎಂದು ಕಿವಿಗೊಟ್ಟು, ಆ ಸದ್ದು ಅಡಗುವಷ್ಟು, ಒಂದು ಕೂದಲೆಳೆಯಷ್ಟು, ಲಿವರನ್ನು ಹಿಂದಕ್ಕೆ ಬಿಡುವುದು. ಈ ಕೆಲಸದಲ್ಲಿ ಕಿವಿಯೇ ಅಳತೆಗೋಲು. ಒಂದೆರಡು ವಾರ ಇದು ತೊಡಕೆನಿಸುತ್ತದೆ. ಆಮೇಲೆ ಕೈ ತಾನಾಗಿ ಕಲಿಯುತ್ತದೆ.

ಈ ವ್ಯವಸ್ಥೆಯ ಅತ್ಯಂತ ಚೆಲುವಾದ ರೂಪವನ್ನು ಫ್ರಾನ್ಸಿನ ಸಿಂಪ್ಲೆಕ್ಸ್ ಕಂಪನಿ ರೂಪಿಸಿತು. ಅದರ ಲಿವರಿನೊಳಗೆ ವಾಷರಿನ ಬದಲು ಒಂದು ದಿಂಡಿಗೆ ಸುತ್ತಿಕೊಂಡ ಚಪ್ಪಟೆ ಸ್ಪ್ರಿಂಗು ಇದೆ. ಒಂದು ದಿಕ್ಕಿನಲ್ಲಿ ತಿರುಗಿಸಿದರೆ ಸ್ಪ್ರಿಂಗು ಬಿಚ್ಚಿಕೊಂಡು ಹಿಡಿತ ಸಡಿಲಿಸುತ್ತದೆ, ಎದುರು ದಿಕ್ಕಿನಲ್ಲಿ ಬಿಗಿದುಕೊಂಡು ದಿಂಡನ್ನು ಹಿಡಿಯುತ್ತದೆ. ಹಾಗಾಗಿ ಎಳೆಯುವಾಗ ಕೈಗೆ ಸ್ಪ್ರಿಂಗಿನ ಎಳೆತ ಬಿಟ್ಟರೆ ಬೇರೆ ತಡೆ ಹೆಚ್ಚಾಗಿ ತಿಳಿಯುವುದಿಲ್ಲ, ಬಿಟ್ಟರೆ ಲಿವರು ಅಲ್ಲಿಯೇ ನಿಲ್ಲುತ್ತದೆ.

ಸುತ್ತಿದ ಸ್ಪ್ರಿಂಗು ಇಷ್ಟು ಗಟ್ಟಿಯಾಗಿ ಹಿಡಿಯುವುದು ಹೇಗೆ? ಹಗ್ಗ ಎಳೆಯುವ ಹೋರಿಯನ್ನು ಹಿಡಿದವರಿಗೆ ಇದು ಗೊತ್ತು. ಹಗ್ಗದ ತುದಿಯನ್ನು ಬರಿಗೈಯಲ್ಲಿ ಹಿಡಿದರೆ ಹೋರಿ ಆಳನ್ನೇ ಎಳೆದೊಯ್ಯುತ್ತದೆ. ಅದೇ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಹುಡುಗನೊಬ್ಬ ಹಿಡಿದು ನಿಲ್ಲಬಲ್ಲ. 18ನೆಯ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದಕ್ಕೆ ಸೂತ್ರ ಕೊಟ್ಟರು. ಹಗ್ಗ ಎಷ್ಟು ಕೋನ ಸುತ್ತಿದೆ ಎಂಬುದರ ಮೇಲೆ ಹಿಡಿತವು ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣಾ ಗುಣಾಂಕ 0.3 ಎಂದುಕೊಂಡರೆ ಎರಡು ಸುತ್ತಿಗೆ ಸುಮಾರು 43 ಪಟ್ಟು, ಮೂರು ಸುತ್ತಿಗೆ ಸುಮಾರು 286 ಪಟ್ಟು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಈ ಸೂತ್ರದಲ್ಲಿ ಗೂಟದ ದಪ್ಪಕ್ಕೆ ಜಾಗವೇ ಇಲ್ಲ. ಲೆಕ್ಕಕ್ಕೆ ಬರುವುದು ಒಟ್ಟು ತಿರುವು ಮಾತ್ರ.

ಲಿವರಿನಲ್ಲಿ ನಮಗೆ ನೆರವಾಗುವ ಈ ಸೂತ್ರವೇ ಕೇಬಲ್ಲಿನ ಉಳಿದ ಹಾದಿಯಲ್ಲಿ ನಮಗೆ ಎದುರಾಗಿ ನಿಲ್ಲುತ್ತದೆ. ಔಟರಿನೊಳಗೆ, ಅಂದರೆ ಹೊರಗವಚದ ಕೊಳವೆಯೊಳಗೆ, ಬಾಗಿ ಸಾಗುವ ಕೇಬಲ್ಲು ಗೂಟಕ್ಕೆ ಸುತ್ತಿದ ಹಗ್ಗದಂತೆಯೇ. ಓರೆ ಕೊಳವೆಯ ಮೇಲಿನ ಲಿವರಿನಿಂದ ಹೊರಟ ಕೇಬಲ್ಲು ಬರಿದಾಗಿ, ನೇರವಾಗಿ, ಪೆಡಲಿನ ಅಚ್ಚಿನ ಬುಡದವರೆಗೆ ಇಳಿಯುತ್ತದೆ, ಅಲ್ಲಿ ಸ್ವಲ್ಪ ಬಾಗಿ ಹಿಂದಕ್ಕೆ ಸಾಗುತ್ತದೆ, ಡಿರೈಲರಿನ ಹತ್ತಿರ ಮಾತ್ರ ಒಂದು ಗೇಣಿಗಿಂತ ತುಸು ಉದ್ದದ ಔಟರಿನೊಳಗೆ ಅರ್ಧ ಸುತ್ತು ತಿರುಗುತ್ತದೆ. ಘರ್ಷಣಾ ಗುಣಾಂಕ 0.1 ಎಂದುಕೊಳ್ಳೋಣ. ಆ ಅರ್ಧ ಸುತ್ತಿಗಾಗಿ ಕೈ 1.37 ಪಟ್ಟು ಹೆಚ್ಚು ಎಳೆಯಬೇಕು. ಲಿವರನ್ನು ಹ್ಯಾಂಡಲ್ಲಿಗೆ ಸಾಗಿಸಿ, ಕೇಬಲ್ಲನ್ನು ಹ್ಯಾಂಡಲ್ಲಿನ ಬಾಗಿನ ಜೊತೆಗೇ ಬಾಗಿಸಿ ಇನ್ನೊಂದು ಅರ್ಧ ಸುತ್ತು ಸೇರಿಸಿದರೆ ಅದು 1.87 ಪಟ್ಟಾಗುತ್ತದೆ. ಕೇಬಲ್ಲಿಗೆ ಕೊಳೆ ಹತ್ತಿ ಗುಣಾಂಕ ಏರಿದರೆ ಪೆಟ್ಟು ಇನ್ನೂ ಜೋರು. ಎಳೆಯುವಾಗ ಹೆಚ್ಚು ಬಲ ಬೇಕಾಗುವುದು ಒಂದು ತೊಂದರೆಯಷ್ಟೇ. ದೊಡ್ಡ ತೊಂದರೆ ಇರುವುದು ಬಿಡುವಾಗ. ಆಗ ಕೇಬಲ್ಲನ್ನು ಹಿಂದಕ್ಕೆ ಸೆಳೆಯಬೇಕಾದದ್ದು ಡಿರೈಲರಿನ ಪುಟ್ಟ ಸ್ಪ್ರಿಂಗು, ಮತ್ತು ಅದರ ಬಲವನ್ನು ತಿರುವುಗಳು ನುಂಗುತ್ತವೆ. ಬೆರಳು ಗೇರು ಬಿಟ್ಟಾಗಿದೆ, ಚೈನು ಮಾತ್ರ ಹಳೆಯ ಹಲ್ಲುಚಕ್ರದ ಮೇಲೆಯೇ ಅನುಮಾನಿಸುತ್ತಾ ಉಳಿಯುತ್ತದೆ.

ಜಪಾನಿನ ಸಕಾಯಿ ನಗರದಲ್ಲಿ 1921ರಲ್ಲಿ ಫ್ರೀವೀಲ್ ತಯಾರಿಕೆಯಿಂದ ತೊಡಗಿದ ಶಿಮಾನೊ ಕಂಪನಿ 1984ರಲ್ಲಿ ತನ್ನ ಡ್ಯೂರಾ-ಏಸ್ 7400 ಶ್ರೇಣಿಯಲ್ಲಿ ‘ಟಕ್’ ಎಂದು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವ ಲಿವರನ್ನು ತಂದಿತು. ಅದರ ಯಶಸ್ಸಿಗೆ ಲಿವರೊಂದೇ ಕಾರಣವಾಗಿರಲಿಲ್ಲ. ಸನ್‌ಟೂರ್ ಎಂಬ ಇನ್ನೊಂದು ಜಪಾನಿ ಕಂಪನಿ 1964ರಲ್ಲಿಯೇ ಓರೆಯಾದ ಸಮಾಂತರ ಚತುರ್ಭುಜದ ಡಿರೈಲರನ್ನು ಕಂಡುಹಿಡಿದಿತ್ತು. ಚೈನಿಗೆ ದಾರಿ ತೋರುವ ಪುಟ್ಟ ಚಕ್ರ ಸಣ್ಣ ಹಲ್ಲುಚಕ್ರದಿಂದ ದೊಡ್ಡದಕ್ಕೆ ಸಾಗುವಾಗಲೂ ಹಲ್ಲುಗಳಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇರುವುದು ಅದರ ಗುಣ. ಆ ಪೇಟೆಂಟ್ 1984ರಲ್ಲಿ ಮುಗಿಯಿತು, ಮತ್ತು ಆ ಓರೆ ವಿನ್ಯಾಸ ಎಲ್ಲರಿಗೂ ದೊರೆಯಿತು.

ನನಗೆ ಇದಕ್ಕಿಂತಲೂ ಮೆಚ್ಚುಗೆಯಾಗುವುದು ಆ ವ್ಯವಸ್ಥೆಯ ಒಂದು ಸಣ್ಣ ಅಂಶ. ಡಿರೈಲರಿನ ಮೇಲಿನ ಪುಟ್ಟ ಚಕ್ರವನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ, ಅದು ಅತ್ತಿತ್ತ ಜರುಗುತ್ತದೆ. ಸವೆದು ಹಾಳಾಗಿದೆ ಎಂದು ಹೊಸಬರು ಅದನ್ನು ಎಸೆಯುವುದುಂಟು. ಅದು ಸವೆತವಲ್ಲ, ಬೇಕೆಂದೇ ಇಟ್ಟ ಸಡಿಲ. ಕೇಬಲ್ಲಿನ ಎಳೆತದಲ್ಲಿ ಸ್ವಲ್ಪ ತಪ್ಪಾದರೂ ಚೈನು ಆ ಚಕ್ರವನ್ನು ತಾನೇ ಜರುಗಿಸಿಕೊಂಡು ಹಲ್ಲುಚಕ್ರದ ನೇರಕ್ಕೆ ಬರಲಿ ಎಂಬ ಉದ್ದೇಶ ಅದರ ಹಿಂದಿದೆ. ಯಂತ್ರವನ್ನು ಇನ್ನಷ್ಟು ಬಿಗಿ ಮಾಡುವ ಬದಲು, ಎಲ್ಲಿ ಸಡಿಲ ಬಿಟ್ಟರೆ ತಪ್ಪು ತಾನಾಗಿ ಸರಿಹೋಗುತ್ತದೆ ಎಂದು ಯೋಚಿಸಿದ ಎಂಜಿನಿಯರುಗಳ ಕೆಲಸ ಅದು.

ಅಂಥ ಸಡಿಲಕ್ಕೆ ಜಾಗ ಕಡಿಮೆಯಾಗುತ್ತಾ ಬಂದದ್ದು ಆಮೇಲೆ. 1990ರಲ್ಲಿ ಶಿಮಾನೊ ಬ್ರೇಕು ಮತ್ತು ಗೇರುಗಳ ಲಿವರುಗಳನ್ನು ಒಂದುಗೂಡಿಸಿತು, 1992ರಲ್ಲಿ ಇಟಲಿಯ ಕಾಂಪನ್ಯೋಲೋ ತನ್ನದೇ ರೀತಿಯಲ್ಲಿ ಅದನ್ನು ಮಾಡಿತು. ಹ್ಯಾಂಡಲ್ಲಿನಿಂದ ಕೈ ತೆಗೆಯದೆ ಗೇರ್ ಬದಲಿಸುವುದು ನಿಜಕ್ಕೂ ದೊಡ್ಡ ಸೌಕರ್ಯ. ಅದೇ ಹೊತ್ತಿಗೆ ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಎಂಟಾಯಿತು, ಮುಂದೆ ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡಾಯಿತು, ಆದರೆ ಅವು ಕೂರುವ ಜಾಗ ಅದೇ ಪ್ರಮಾಣದಲ್ಲಿ ಅಗಲವಾಗಲಿಲ್ಲ. ಹಳೆಯ ಐದು ಹಲ್ಲುಚಕ್ರಗಳ ಫ್ರೀವೀಲಿನಲ್ಲಿ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 5.5 ಮಿಲಿಮೀಟರ್ ಅಂತರವಿತ್ತು. ಶಿಮಾನೊದ ಎಂಟರಲ್ಲಿ ಅದು 4.8, ಹತ್ತರಲ್ಲಿ 3.95, ಹನ್ನೆರಡರಲ್ಲಿ ಸುಮಾರು 3.5. ಚೈನಿನ ಕೊಂಡಿಯ ಉದ್ದ ಅಂದಿನಿಂದ ಇಂದಿನವರೆಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರೇ ಆಗಿದ್ದರೂ ಅಗಲ 7ರ ಆಸುಪಾಸಿನಿಂದ 5ರ ಆಸುಪಾಸಿಗೆ ಇಳಿಯಿತು. ಎಂಟರ ವ್ಯವಸ್ಥೆಯಲ್ಲಿ ಚೈನಿಗೂ ಪಕ್ಕದ ಹಲ್ಲುಚಕ್ರಕ್ಕೂ ನಡುವೆ ಉಳಿಯುವ ತೆರವು ಲೆಕ್ಕ ಹಾಕಿದರೆ ಅಂದಾಜು ಮಿಲಿಮೀಟರಿನ ಮೂರನೆಯ ಒಂದು ಪಾಲು, ಹತ್ತರಲ್ಲಿ ಐದನೆಯ ಒಂದು ಪಾಲು. ಲಿವರಿನ ಒಂದು ಮೆಟ್ಟಿಲಿಗೆ ಕೇಬಲ್ಲು ಜರುಗುವುದು ಎಂಟರಲ್ಲಿ 2.8 ಮಿಲಿಮೀಟರ್, ಹತ್ತರಲ್ಲಿ 2.3 ಮಾತ್ರ, ಮತ್ತು ಡಿರೈಲರು ಅದನ್ನು 1.7 ಪಟ್ಟು ಹಿಗ್ಗಿಸುತ್ತದೆ. ಎಳೆತದಲ್ಲಿ ಆದ ತಪ್ಪೂ ಅಷ್ಟೇ ಹಿಗ್ಗುತ್ತದೆ.

ಹತ್ತು ಹಲ್ಲುಚಕ್ರಗಳ ಡ್ಯೂರಾ-ಏಸ್ 7800 ಶ್ರೇಣಿಯನ್ನು ಇಂದಿಗೂ ಹುಡುಕಿಕೊಂಡು ಹೋಗುವವರು ಇರುವುದಕ್ಕೆ ಒಂದು ಕಾರಣ ಇಲ್ಲೇ ಸಿಗುತ್ತದೆ. ಅದರಲ್ಲಿ ಗೇರ್ ಕೇಬಲ್ಲು ಲಿವರಿನ ಪಕ್ಕದಿಂದ ಬಟ್ಟೆ ಒಣಗಿಸುವ ಹಗ್ಗದಂತೆ ಹೊರಗೆ ಕಾಣುತ್ತಿತ್ತು. ನೋಟಕ್ಕೆ ಅಂದವಲ್ಲದಿದ್ದರೂ ಹಾದಿಯಲ್ಲಿ ತಿರುವು ಕಡಿಮೆ. 2008ರ ನಂತರದ 7900ರಲ್ಲಿ ಅದು ಹ್ಯಾಂಡಲ್ ಪಟ್ಟಿಯ ಅಡಿಗೆ ಸೇರಿತು. ಅಲ್ಲಿಂದ ಗೇರು ಕೈಗೆ ಭಾರವಾಯಿತೆಂದು ಹಲವು ಸವಾರರು ಹೇಳುತ್ತಾ ಬಂದಿದ್ದಾರೆ. 2012ರ ಹನ್ನೊಂದರ ಶ್ರೇಣಿಯಲ್ಲಿ ಕೇಬಲ್ಲಿಗೆ ನುಣುಪಾದ ಪಾಲಿಮರ್ ಲೇಪ ಬಂತು, ಒಂದು ಮೆಟ್ಟಿಲಿಗೆ ಜರುಗುವ ಉದ್ದವೂ ಮತ್ತೆ 2.7ರ ಸುಮಾರಿಗೆ ಏರಿತು. ಕಂಪನಿಯ ಎಂಜಿನಿಯರುಗಳೇ ಕಳೆದುಕೊಂಡ ಸಡಿಲವನ್ನು ಮರಳಿ ಗಳಿಸಲು ಯತ್ನಿಸಿದರೆಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಕೊನೆಗೆ ಕೇಬಲ್ಲನ್ನೇ ಕೈಬಿಟ್ಟದ್ದು ತರ್ಕಬದ್ಧ ಹೆಜ್ಜೆ: 2021ರ ಹನ್ನೆರಡರ ಡ್ಯೂರಾ-ಏಸ್ ಪೂರ್ತಿ ವಿದ್ಯುತ್ ಮೋಟಾರಿನದು, ಕೇಬಲ್ಲಿನ ಗೇರಿರುವ ಮಾದರಿಯೇ ಅದರಲ್ಲಿ ಇಲ್ಲ. ಮೋಟಾರಿಗೆ ತಿರುವುಗಳ ಹಂಗಿಲ್ಲ, ಅದು ಬದಲಿಸುವಷ್ಟು ನಿಖರವಾಗಿ ಯಾವ ಕೈಯೂ ಬದಲಿಸಲಾರದು. ಆದರೆ ಅದು ಕೆಟ್ಟರೆ ರಸ್ತೆ ಬದಿಯಲ್ಲಿ ಕೂತು ಕಣ್ಣಿನಿಂದ ಕಾರಣ ಹುಡುಕಲು ಆಗುವುದಿಲ್ಲ. ಇತ್ತ ಮೆಟ್ಟಿಲಿಲ್ಲದ 1970ರ ಲಿವರು ಇಂದಿನ ಒಂಬತ್ತು ಹಲ್ಲುಚಕ್ರಗಳ ಕ್ಯಾಸೆಟ್ಟನ್ನೂ ನಡೆಸಬಲ್ಲದು, ಏಕೆಂದರೆ ಅಂತರ ಎಷ್ಟೆಂಬುದು ಅದಕ್ಕೆ ಗೊತ್ತಿಲ್ಲ, ಗೊತ್ತಿರುವುದು ಸವಾರನ ಕಿವಿಗೆ.

ಹಳೆಯದೆಲ್ಲ ಒಳ್ಳೆಯದೆಂದು ಹೇಳಿದರೆ ಅದು ಸುಳ್ಳಾಗುತ್ತದೆ, ಮತ್ತು ಎರಡು ವಿಷಯಗಳಲ್ಲಿ ಅಪಾಯಕಾರಿಯೂ ಆಗುತ್ತದೆ. ಒಂದೇ ತಿರುಗುಗೂಟದ ಹಳೆಯ ಬ್ರೇಕುಗಳಿಗೆ, 1990ರ ದಶಕದಲ್ಲಿ ಬಳಕೆಗೆ ಬಂದ ಎರಡು ತಿರುಗುಗೂಟದ ಬ್ರೇಕುಗಳಷ್ಟು ಸನ್ನೆಬಲವಿಲ್ಲ. ಘಾಟಿಯ ಇಳಿಜಾರಿನಲ್ಲಿ ಈ ವ್ಯತ್ಯಾಸ ಅಂಗೈಗೆ ತಕ್ಷಣ ತಿಳಿಯುತ್ತದೆ. ಎರಡನೆಯದು ಅಲ್ಯೂಮಿನಿಯಂ. ಉಕ್ಕಿನ ಮೇಲೆ ಬೀಳುವ ಒತ್ತಡ ಒಂದು ಮಿತಿಗಿಂತ ಕಡಿಮೆಯಿದ್ದರೆ ಅದು ಕೋಟ್ಯಂತರ ಸಲ ಬಾಗಿದರೂ ಬಿರುಕು ಬಿಡದಿರಬಹುದು. ಅಲ್ಯೂಮಿನಿಯಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಪ್ರತಿ ತುಳಿತವೂ ಅದರ ಲೆಕ್ಕಕ್ಕೆ ಸೇರುತ್ತದೆ. ಹೊಳಪು ಕೊಟ್ಟ ಹಳೆಯ ಕ್ರ್ಯಾಂಕಿನಲ್ಲಿ ಪೆಡಲ್ ತೋಳಿಗೆ ಹಲ್ಲುಚಕ್ರ ಹೊರುವ ಕವಲು ಕೂಡುವ ಚೂಪು ಮೂಲೆಯಲ್ಲಿ ಒತ್ತಡ ಸೇರಿಕೊಳ್ಳುತ್ತದೆ, ಬಿರುಕು ಹುಟ್ಟುವುದೂ ಹೆಚ್ಚಾಗಿ ಅಲ್ಲೇ. ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಆ ಮೂಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡದೆ ಯಾರೂ ಹಳೆಯ ಕ್ರ್ಯಾಂಕ್ ತುಳಿಯಬಾರದು. ಕೂದಲಿನಂಥ ಕಪ್ಪು ಗೆರೆಯೊಂದು ಕಂಡರೆ, ಎಷ್ಟೇ ಪ್ರೀತಿಯದ್ದಾದರೂ ಅದು ಗೋಡೆಯ ಮೇಲಿರಬೇಕಾದ ವಸ್ತು.

ಹಬ್ಬಿನ ಮಾತು ಬೇರೆ. ನನ್ನ ಸೈಕಲ್ಲಿನ ಎಂಟು ಹಲ್ಲುಚಕ್ರಗಳ ಹಿಂಬದಿ ಹಬ್ಬನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹಳೆಯ ಪತ್ರಿಕೆ ಹಾಸಿ ಬಿಚ್ಚುತ್ತೇನೆ. 17ರ ಸ್ಪ್ಯಾನರಿನಲ್ಲಿ ಚೆಕ್ ನಟ್, 15ರ ತೆಳು ಸ್ಪ್ಯಾನರಿನಲ್ಲಿ ಕೋನ್, ಅಂದರೆ ಗೋಲಿಗಳನ್ನು ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್. ಅಚ್ಚನ್ನು ಎಳೆದರೆ ಕಪ್ಪು ಗ್ರೀಸಿನಲ್ಲಿ ಮುಳುಗಿದ ಕಾಲಿಂಚಿನ ಗೋಲಿಗಳು, ಬದಿಗೆ ಒಂಬತ್ತರಂತೆ ಹದಿನೆಂಟು. ನಮ್ಮ ಊರುಗಳ ಸೈಕಲ್ ಶಾಪುಗಳಲ್ಲಿ ಹಾಲಿನ ಕ್ಯಾನು ಹೊರುವ ಕರಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಾಕುವುದೂ ಇದೇ ಅಳತೆಯ ಗೋಲಿ. ನುಣುಪಿನ ದರ್ಜೆ ಬೇರೆಯಾದ್ದರಿಂದ ಒಳ್ಳೆಯ ಹಬ್ಬಿಗೆ ಒಳ್ಳೆಯ ಗೋಲಿಯನ್ನೇ ಹುಡುಕಬೇಕು ಮತ್ತು ಹದಿನೆಂಟನ್ನೂ ಒಟ್ಟಿಗೇ ಬದಲಿಸಬೇಕು. ಗೋಲಿಗಳು ಹಬ್ಬಿನೊಳಗಿನ ಬಟ್ಟಲಿಗೂ ಕೋನಿಗೂ ನಡುವೆ ಓರೆಯಾಗಿ ಕೂರುವುದರಿಂದ ಮೇಲಿನ ಭಾರವನ್ನೂ ಪಕ್ಕದ ನೂಕನ್ನೂ ಒಟ್ಟಿಗೆ ಹೊರುತ್ತವೆ, ಮತ್ತು ಸವೆದಷ್ಟೂ ಕೋನನ್ನು ಒಂದಿಷ್ಟು ಒಳಗೆ ತಿರುಗಿಸಿದರೆ ಸಡಿಲ ಹೋಗುತ್ತದೆ.

ಆ ಬಿಗಿತದಲ್ಲೇ ಇಡೀ ಜಾಣ್ಮೆ ಇದೆ. ಚಕ್ರವನ್ನು ಚೌಕಟ್ಟಿಗೆ ಬಿಗಿಯುವ ಕ್ವಿಕ್ ರಿಲೀಸ್ ಮುಚ್ಚಿದಾಗ ಟೊಳ್ಳು ಅಚ್ಚು ಕೂದಲೆಳೆಯಷ್ಟು ಕುಗ್ಗುತ್ತದೆ, ಕೋನುಗಳು ಗೋಲಿಗಳತ್ತ ಅಷ್ಟೇ ಒತ್ತರಿಸುತ್ತವೆ. ಹಾಗಾಗಿ ಕೈಯಲ್ಲಿ ಹಿಡಿದ ಚಕ್ರದ ಅಚ್ಚು ಸ್ವಲ್ಪವೇ ಸ್ವಲ್ಪ ಅಲ್ಲಾಡುವಂತೆ ಬಿಟ್ಟು, ಚೌಕಟ್ಟಿಗೆ ಹಾಕಿ ಬಿಗಿದ ಮೇಲೆ ಆ ಅಲ್ಲಾಟ ಮಾಯವಾಗಬೇಕು. ಮೊದಲ ಪ್ರಯತ್ನಕ್ಕೆ ಇದು ಸಿಗುವುದು ಅಪರೂಪ. ನಾಲ್ಕೈದು ಸಲ ಬಿಚ್ಚಿ, ಬೆರಳಗಲದ ಎಂಟನೆಯ ಒಂದು ಪಾಲು ತಿರುಗಿಸಿ, ಮತ್ತೆ ಬಿಗಿದು ನೋಡಬೇಕು. ಸರಿಯಾದಾಗ, ಚೈನನ್ನು ಹಲ್ಲುಚಕ್ರದಿಂದ ಕಳಚಿ ಚಕ್ರವನ್ನು ನೆಲದಿಂದ ಮೇಲೆತ್ತಿ ಸುಮ್ಮನೆ ಬಿಟ್ಟರೆ ಸಾಕು. ಟ್ಯೂಬಿನ ವಾಲ್ವಿನ ಕೆಲವೇ ಗ್ರಾಂ ಭಾರಕ್ಕೆ ಇಡೀ ಚಕ್ರ ತಾನಾಗಿ ತಿರುಗಿ, ವಾಲ್ವು ಕೆಳಗಿಳಿದು, ದಾಟಿ ಆಚೆಗೆ ಏರಿ, ಮತ್ತೆ ಈಚೆಗೆ ಬಂದು, ತೊಟ್ಟಿಲಿನಂತೆ ಬಹಳ ಹೊತ್ತು ತೂಗಿ ನಿಲ್ಲುತ್ತದೆ.