ಸೌರಸ್ಫೋಟದ ಸುದ್ದಿ ಬಂದಾಗ ನಾನು ಹುಡುಕುವ ಅಂಕಿ

ಸೂರ್ಯನಲ್ಲಿ ‘ಎಕ್ಸ್ ದರ್ಜೆಯ ಸ್ಫೋಟ’ ಆಯಿತು ಎಂಬ ಸುದ್ದಿ ಹರಡಿದ ದಿನ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ದೊಡ್ಡದು? ನಮಗೇನಾದರೂ ಆಗುತ್ತಾ? ಮೊದಲ ಪ್ರಶ್ನೆಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಒಂದೆರಡು ದಿನ ಕಾಯಬೇಕು. ಆದರೆ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದಕ್ಕೂ ಅಂಟಿಸಿಬಿಡುತ್ತಾರೆ. ಹಾಗಾಗಿ ಬೇಡದ ದಿನ ಗಾಬರಿ ಹುಟ್ಟುತ್ತದೆ, ಬೇಕಾದ ದಿನ ಯಾರೂ ಗಮನ ಕೊಡುವುದಿಲ್ಲ.

2003ರ ನವೆಂಬರ್ ತಿಂಗಳನ್ನೇ ನೋಡಿ. 4ನೇ ತಾರೀಖು ಸೂರ್ಯನಲ್ಲಿ ಎಂಥ ಜ್ವಾಲೆ ಎದ್ದಿತೆಂದರೆ, ಅದನ್ನು ಅಳೆಯುತ್ತಿದ್ದ ಉಪಗ್ರಹದ ಎಕ್ಸ್-ಕಿರಣ ಸಂವೇದಕಕ್ಕೆ ತನ್ನ ಮಿತಿ ದಾಟಿ ಏನೂ ಕಾಣದಂತಾಯಿತು. ಅದು ಎಕ್ಸ್28ರಷ್ಟು ಇದ್ದಿರಬೇಕು ಎಂದು ಆಮೇಲೆ ಅಂದಾಜಿಸಿದರು (ಎಕ್ಸ್ ಎಂದರೆ ಅತಿ ಮೇಲಿನ ದರ್ಜೆ). ಉಪಗ್ರಹಗಳು ಅಳೆಯಲು ಶುರುಮಾಡಿದ ಮೇಲೆ ಕಂಡ ಅತಿ ದೊಡ್ಡ ಜ್ವಾಲೆಗಳಲ್ಲಿ ಅದೊಂದು. ಆದರೆ ಅದು ಎದ್ದ ಸೌರಕಲೆಗಳ, ಅಂದರೆ ಸೂರ್ಯನ ಮೇಲಿನ ಕಪ್ಪು ಚುಕ್ಕೆಗಳ, ಗುಂಪು ಸೂರ್ಯನ ಪಶ್ಚಿಮ ಅಂಚಿಗೆ ಸರಿದಿತ್ತು. ಅದು ಎಸೆದ ವಸ್ತು ಬಹುತೇಕ ಬೇರೆ ದಿಕ್ಕಿಗೆ ಹೋಯಿತು. ಭೂಮಿಗೆ ತಟ್ಟಿದ್ದು ಕಡಿಮೆ. ಎರಡು ವಾರದ ನಂತರ, 18ರಂದು, ಎಕ್ಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಂ ದರ್ಜೆಯ ಜ್ವಾಲೆಗಳು ಎದ್ದವು. ಎಕ್ಸ್28ರ ಪಕ್ಕದಲ್ಲಿಟ್ಟರೆ ಅವು ಹತ್ತಾರು ಪಟ್ಟು ಸಣ್ಣವು. ಆದರೆ ಅವುಗಳ ಜೊತೆ ಹೊರಟ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಬಿಸಿ ಅನಿಲ, 20ರಂದು ಬಂದು ಮುಟ್ಟಿದಾಗ, ಸುಮಾರು 11 ವರ್ಷದ ಆ ಸೌರಚಕ್ರದಲ್ಲೇ ಅತಿ ತೀವ್ರವಾದ ಭೂಕಾಂತೀಯ ಬಿರುಗಾಳಿ (ಭೂಮಿಯ ಕಾಂತಕ್ಷೇತ್ರದ ಅಲ್ಲೋಲಕಲ್ಲೋಲ) ಎದ್ದಿತು.

ಹೀಗೇಕೆ ಆಯಿತು? ಉತ್ತರ ಸಿಗಬೇಕಾದರೆ ಕಾಂತಕ್ಷೇತ್ರದಿಂದಲೇ ಶುರುಮಾಡಬೇಕು.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ಸೌರಕಲೆಯ ನಡುಭಾಗ ಅದಕ್ಕಿಂತ ಒಂದೂವರೆ ಸಾವಿರ ಡಿಗ್ರಿಗೂ ಜಾಸ್ತಿ ತಣ್ಣಗಿರುತ್ತದೆ, ಆದ್ದರಿಂದ ಕಪ್ಪಗೆ ಕಾಣುತ್ತದೆ. ಅಲ್ಲಿನ ಕಾಂತಕ್ಷೇತ್ರ ಎಷ್ಟು ಬಲವಾಗಿದೆಯೆಂದರೆ, ಒಳಗಿನಿಂದ ಬಿಸಿ ಅನಿಲ ಕುದಿದು ಮೇಲೆ ಬರುವುದನ್ನೇ ಅದು ತಡೆಯುತ್ತದೆ. 1908ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಜಾರ್ಜ್ ಎಲರಿ ಹೇಲ್ ಈ ಗುಟ್ಟು ಬಿಡಿಸಿದರು. ಕಲೆಯಿಂದ ಬಂದ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಅದರ ಗೆರೆಗಳು ಸೀಳಿಕೊಂಡಿದ್ದವು. ಬಲವಾದ ಕಾಂತಕ್ಷೇತ್ರದಲ್ಲಿ ಮಾತ್ರ ಹಾಗಾಗುತ್ತದೆ. ಭೂಮಿಯ ಮೇಲೆ ನಮ್ಮ ದಿಕ್ಸೂಚಿಯನ್ನು ತಿರುಗಿಸುವ ಕ್ಷೇತ್ರಕ್ಕಿಂತ ಕಲೆಯ ಕ್ಷೇತ್ರ ಸಾವಿರಾರು ಪಟ್ಟು ದೊಡ್ಡದು. ಭೂಮಿಯಾಚೆ ಕಾಂತಕ್ಷೇತ್ರ ಇದೆ ಎಂದು ಮನುಷ್ಯರಿಗೆ ಗೊತ್ತಾದದ್ದು ಅದೇ ಮೊದಲು. ಇವತ್ತಿಗೂ ನಮ್ಮ ಕೆಲಸ ನಿಂತಿರುವುದು ಆ ಅಳತೆಯ ಮೇಲೆಯೇ.

ಸೂರ್ಯ ಗಟ್ಟಿ ಗೋಲವಲ್ಲ. ಅದರ ಸಮಭಾಜಕದ ಭಾಗ ಸುಮಾರು 25 ದಿನಕ್ಕೊಮ್ಮೆ ಸುತ್ತಿದರೆ, ಧ್ರುವಗಳ ಹತ್ತಿರ 35 ದಿನ ಹಿಡಿಯುತ್ತದೆ. ಪ್ಲಾಸ್ಮಾ ಹೋದ ಕಡೆ ಕಾಂತಕ್ಷೇತ್ರದ ಬಲರೇಖೆಗಳೂ ಹೋಗಲೇಬೇಕು. ಹಾಗಾಗಿ ಅವು ಎಳೆಯಲ್ಪಡುತ್ತವೆ, ಸುತ್ತಿಕೊಳ್ಳುತ್ತವೆ, ಕೊನೆಗೆ ಮೇಲ್ಮೈಯನ್ನು ಸೀಳಿ ಕಮಾನಿನಂತೆ ಎದ್ದು ನಿಲ್ಲುತ್ತವೆ. ಆ ಕಮಾನಿನ ಎರಡು ಕಾಲುಗಳೇ ಕಲೆಗಳ ಜೋಡಿ: ಒಂದು ಉತ್ತರ ಧ್ರುವ, ಇನ್ನೊಂದು ದಕ್ಷಿಣ. ಇಂಥ ಕಲೆಗಳ ಸಂಖ್ಯೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಪ್ರತಿ ಸಲ ಸೂರ್ಯನ ಧ್ರುವಗಳು ಅದಲುಬದಲಾಗುವುದರಿಂದ ಪೂರ್ತಿ ಸುತ್ತಿಗೆ 22 ವರ್ಷ. ಈಗ ನಡೆಯುತ್ತಿರುವುದು 25ನೇ ಚಕ್ರ, ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ.

ರಬ್ಬರ್ ಬ್ಯಾಂಡನ್ನು ತಿರುಚುತ್ತಾ ಹೋದರೆ ಅದರಲ್ಲಿ ಶಕ್ತಿ ಕೂಡುತ್ತದೆ, ಅಲ್ವಾ? ಬಲರೇಖೆಗಳ ತಿರುಚುವಿಕೆಯಲ್ಲೂ ಹೀಗೇ ಶಕ್ತಿ ಶೇಖರವಾಗುತ್ತದೆ. ಅದರಲ್ಲೂ ನಾವು ‘ಡೆಲ್ಟಾ’ ಎನ್ನುವ ಕಲೆಗಳನ್ನು ಕಣ್ಣಿಟ್ಟು ಕಾಯುತ್ತೇವೆ. ಅವುಗಳಲ್ಲಿ ಎರಡೂ ಧ್ರುವಗಳು ಒಂದೇ ಮಬ್ಬು ಅಂಚಿನೊಳಗೆ ಒತ್ತಿಕೊಂಡು ಕೂತಿರುತ್ತವೆ. ಎದುರುಬದುರು ದಿಕ್ಕಿನ ರೇಖೆಗಳು ತೀರಾ ಹತ್ತಿರ ಬಂದಾಗ ತುಂಡಾಗಿ, ಬೇರೆ ರೀತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಕೂಡಿಟ್ಟ ಶಕ್ತಿ ನಿಮಿಷಗಳಲ್ಲಿ ಬಿಡುಗಡೆಯಾಗುತ್ತದೆ.

ಆ ಶಕ್ತಿ ಒಂದಕ್ಕಿಂತ ಹೆಚ್ಚು ರೂಪದಲ್ಲಿ ಹೊರಬರುತ್ತದೆ. ಸುದ್ದಿಗಳಲ್ಲಿ ಗೊಂದಲ ಶುರುವಾಗುವುದೇ ಇಲ್ಲಿಂದ. ಜ್ವಾಲೆ ಎಂದರೆ ಬೆಳಕು, ಮುಖ್ಯವಾಗಿ ಎಕ್ಸ್-ಕಿರಣ ಮತ್ತು ಅತಿನೇರಳೆ. ಎ, ಬಿ, ಸಿ, ಎಂ, ಎಕ್ಸ್ ಎಂಬ ದರ್ಜೆಗಳು ಇದರ ಎಕ್ಸ್-ಕಿರಣದ ಅಳತೆ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಏರಿಕೆ. ಈ ಬೆಳಕು ಎಂಟು ಚಿಲ್ಲರೆ ನಿಮಿಷದಲ್ಲಿ ಇಲ್ಲಿರುತ್ತದೆ. ಹಗಲಿರುವ ಕಡೆ ಕಿರುತರಂಗ ರೇಡಿಯೊ ಸ್ವಲ್ಪ ಹೊತ್ತು ಸತ್ತುಹೋಗುತ್ತದೆ. ಬೆಳಕಿನಿಂದ ಆಗುವ ತೊಂದರೆ ಹೆಚ್ಚಾಗಿ ಅಷ್ಟಕ್ಕೇ ಮುಗಿಯುತ್ತದೆ. ಇನ್ನು ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಅಲ್ಲಿಂದ ನೂರಾರು ಕೋಟಿ ಟನ್ ಪ್ಲಾಸ್ಮಾ ತನ್ನ ಕಾಂತಕ್ಷೇತ್ರದ ಸಮೇತ ಕಿತ್ತುಕೊಂಡು ಬರುವುದುಂಟು. ಅದನ್ನು ನಾವು ಸಿಎಂಇ (ಕರೋನಲ್ ಮಾಸ್ ಇಜೆಕ್ಷನ್) ಎನ್ನುತ್ತೇವೆ. ಅದು ಬರಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. 1859ರ ಸೆಪ್ಟೆಂಬರ್‌ನಲ್ಲಿ, ರಿಚರ್ಡ್ ಕ್ಯಾರಿಂಗ್ಟನ್ ಬಿಳಿ ಬೆಳಕಿನ ಜ್ವಾಲೆಯನ್ನು ಕಣ್ಣಾರೆ ಕಂಡ ಆ ಪ್ರಸಿದ್ಧ ಘಟನೆಯಲ್ಲಿ, ಅದು 18 ಗಂಟೆಯೊಳಗೇ ಬಂದಿತ್ತು.

ಜ್ವಾಲೆ ಮತ್ತು ಸಿಎಂಇ ಎರಡೂ ಜೊತೆಯಾಗಿಯೇ ಬರಬೇಕೆಂಬ ನಿಯಮವಿಲ್ಲ. 2014ರ ಅಕ್ಟೋಬರ್‌ನಲ್ಲಿ 12192 ಎಂಬ ಸಂಖ್ಯೆಯ ಕಲೆಗಳ ಗುಂಪು ಕಾಣಿಸಿಕೊಂಡಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಷ್ಟು ದೊಡ್ಡ ಗುಂಪು ಬಂದಿರಲಿಲ್ಲ. ಆರು ಎಕ್ಸ್ ಜ್ವಾಲೆಗಳು ಎದ್ದವು. ಅವುಗಳಲ್ಲಿ ಒಂದರ ಜೊತೆಗೂ ಸಿಎಂಇ ಹೊರಡಲಿಲ್ಲ. ಮೇಲೆ ಕವಿದಿದ್ದ ಬಲವಾದ ಕಾಂತಕ್ಷೇತ್ರ ಎಲ್ಲವನ್ನೂ ಒತ್ತಿ ಹಿಡಿದಿತ್ತು.

ಸಿಎಂಇ ಸಾಗುವ ದಾರಿಯೂ ಖಾಲಿಯಲ್ಲ. ಅಲ್ಲಿ ಸೌರಮಾರುತ ಸದಾ ಬೀಸುತ್ತಿರುತ್ತದೆ. ಈ ಮಾರುತವನ್ನು ಕಂಡುಕೊಂಡ ಕಥೆ ನನಗೆ ತುಂಬಾ ಇಷ್ಟ. ಹತ್ತು ಲಕ್ಷ ಡಿಗ್ರಿ ದಾಟಿದ ಕರೋನಾವನ್ನು ಸೂರ್ಯನ ಗುರುತ್ವ ಹಿಡಿದಿಟ್ಟುಕೊಳ್ಳಲು ಆಗದು, ಅದು ಶಬ್ದದ ವೇಗವನ್ನೂ ಮೀರಿ ಹೊರಗೆ ಹರಿಯಲೇಬೇಕು ಎಂದು ಯುಜೀನ್ ಪಾರ್ಕರ್ ಎಂಬ ಯುವ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಪ್ರಬಂಧವನ್ನು ಪರಿಶೀಲಿಸಿದ ಇಬ್ಬರೂ ತಜ್ಞರು ಬೇಡ ಅಂದರು. ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೂ ಆ ವಿಚಾರ ಒಪ್ಪಿಗೆಯಾಗಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಕಾಣಲಿಲ್ಲ. ಅದೊಂದೇ ಕಾರಣಕ್ಕೆ 1958ರಲ್ಲಿ ಪ್ರಕಟಿಸಿದರು. ಸಂಪಾದಕನ ಕೆಲಸ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. 1962ರಲ್ಲಿ ಶುಕ್ರನ ಕಡೆಗೆ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಆ ಮಾರುತವನ್ನು ಅಳೆಯಿತು. ಪಾರ್ಕರ್ ಹೆಸರಿನ ನೌಕೆ 2018ರಲ್ಲಿ ಹಾರಿದಾಗ ಅವರೇ ನಿಂತು ನೋಡಿದರು. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅಷ್ಟು ಹೊತ್ತಿಗೆ ಪಾರ್ಕರ್ ತೀರಿಕೊಂಡು ಎರಡು ವರ್ಷ ಕಳೆದಿತ್ತು.

ಈ ಮಾರುತ ಸೆಕೆಂಡಿಗೆ 300ರಿಂದ 800 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಆದರೆ ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ ಇರುವುದು ಬೆರಳೆಣಿಕೆಯ ಕಣಗಳು. ಇಷ್ಟು ತೆಳುವಾದದ್ದು ನಮಗೇನು ಮಾಡೀತು ಅನ್ನಿಸಬಹುದು. ಮಾಡುವುದು ಅದು ಹೊತ್ತು ತರುವ ಕಾಂತಕ್ಷೇತ್ರ.

ನಾನು ಹುಡುಕುವ ಅಂಕಿ ಇಲ್ಲಿದೆ. ಭೂಮಿಯ ಕಾಂತಕವಚ ಸೂರ್ಯನ ಕಡೆಗೆ ಸುಮಾರು 60,000 ಕಿಲೋಮೀಟರ್ ಎತ್ತರದವರೆಗೆ ಚಾಚಿದೆ. ಆ ಅಂಚಿನಲ್ಲಿ ನಮ್ಮ ಬಲರೇಖೆಗಳು ಉತ್ತರಕ್ಕೆ ಮುಖ ಮಾಡಿರುತ್ತವೆ. ಬರುವ ಕ್ಷೇತ್ರವೂ ಉತ್ತರಕ್ಕೇ ಇದ್ದರೆ ಹೆಚ್ಚಿನ ಪಾಲು ಪಕ್ಕಕ್ಕೆ ಜಾರಿಹೋಗುತ್ತದೆ. ದಕ್ಷಿಣಕ್ಕಿದ್ದರೆ, ಸೂರ್ಯನಲ್ಲಿ ಜ್ವಾಲೆ ಎಬ್ಬಿಸಿದ ಅದೇ ಕ್ರಿಯೆ ಇಲ್ಲೂ ನಡೆಯುತ್ತದೆ. ರೇಖೆಗಳು ತುಂಡಾಗಿ ಪರಸ್ಪರ ಕೂಡಿಕೊಳ್ಳುತ್ತವೆ, ಕವಚದ ಬಾಗಿಲು ತೆರೆಯುತ್ತದೆ. ಈ ಉತ್ತರ-ದಕ್ಷಿಣ ಅಂಶವನ್ನು ನಾವು ಬಿ-ಝೆಡ್ ಎಂದು ಕರೆಯುತ್ತೇವೆ. ಅದು ಗಂಟೆಗಟ್ಟಲೆ ಋಣಾತ್ಮಕವಾಗಿ, ಅಂದರೆ ದಕ್ಷಿಣಮುಖಿಯಾಗಿ, ನಿಂತರೆ ಬಿರುಗಾಳಿ ಏಳುತ್ತದೆ. 2003ರ ನವೆಂಬರ್ 20ರಂದು ಬಂದ ಪ್ಲಾಸ್ಮಾ ಬಲವಾದ ದಕ್ಷಿಣಮುಖಿ ಕ್ಷೇತ್ರವನ್ನು ಹೊತ್ತು ತಂದಿತ್ತು. ಜ್ವಾಲೆಯ ದರ್ಜೆ ನೋಡಿ ಇದನ್ನು ಯಾರೂ ಹೇಳಲಾಗುತ್ತಿರಲಿಲ್ಲ.

ಬಾಗಿಲು ತೆರೆದಾಗ ಆಗುವುದೇನು? ಆಕಾಶದಲ್ಲಿ ಹರಿಯುವ ಭಾರಿ ವಿದ್ಯುತ್ ಪ್ರವಾಹಗಳು ಬದಲಾಗುತ್ತವೆ. ಅವುಗಳಿಂದ ನೆಲದಲ್ಲೂ, ಉದ್ದನೆಯ ವಿದ್ಯುತ್ ತಂತಿಗಳಲ್ಲೂ ಪ್ರವಾಹ ಹುಟ್ಟುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿಯಿತು. 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲಲ್ಲಿ ಉಳಿದರು. 2024ರ ಮೇ 10ರಂದು ಬಿ-ಝೆಡ್ ಮೈನಸ್ 50 ನ್ಯಾನೊಟೆಸ್ಲಾದ (ಕಾಂತಕ್ಷೇತ್ರದ ಅಳತೆಯ ಮಾನ) ಆಸುಪಾಸಿಗೆ ಇಳಿದಾಗ ಲಡಾಖ್‌ನ ಹಾನ್ಲೆಯಲ್ಲೂ ಧ್ರುವಪ್ರಭೆಯಿಂದ ಆಕಾಶ ಕೆಂಪಾಯಿತು. ದುರ್ಬಲ ಬಿರುಗಾಳಿಯನ್ನೂ ಹಗುರವಾಗಿ ನೋಡಬೇಡಿ. 2022ರ ಫೆಬ್ರವರಿಯಲ್ಲಿ ಅಂಥದ್ದೊಂದು ಮೇಲಿನ ವಾತಾವರಣವನ್ನು ಬಿಸಿ ಮಾಡಿ ಉಬ್ಬಿಸಿತು. ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳು ಇನ್ನೂ ಕೆಳಕಕ್ಷೆಯಲ್ಲಿದ್ದವು. ಗಾಳಿಯ ಎಳೆತ ತಾಳದೆ 38 ಬಿದ್ದುಹೋದವು.

ಹಾಗಾದರೆ ದಿಕ್ಕನ್ನು ಮೊದಲೇ ಏಕೆ ಹೇಳುವುದಿಲ್ಲ? ಕರೋನಾದ ಕಾಂತಕ್ಷೇತ್ರವನ್ನು ದೂರದಿಂದ ಅಳೆಯುವುದು ಬಹಳ ಕಷ್ಟ. ಅಲ್ಲಿನ ಅನಿಲ ತೀರಾ ತೆಳು, ಬೆಳಕು ತೀರಾ ಮಂಕು. ಸಿಎಂಇಯ ಚಿತ್ರ ನೋಡಿ ವೇಗ ಲೆಕ್ಕ ಹಾಕಬಹುದು, ಬರುವ ಹೊತ್ತನ್ನು ಅಂದಾಜಿಸಬಹುದು. ಒಳಗಿನ ಕ್ಷೇತ್ರ ಯಾವ ಕಡೆ ತಿರುಗಿದೆ ಎಂದು ಖಚಿತವಾಗಿ ಗೊತ್ತಾಗಬೇಕಾದರೆ ಒಂದು ನೌಕೆ ಅದರೊಳಗೆ ಮುಳುಗಬೇಕು. ಅಂಥ ನೌಕೆಗಳು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಆಚೆ, ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತಲು ಸಾಧ್ಯವಾಗುವ ಎಲ್1 ಬಿಂದುವಿನ ಸುತ್ತ ಇವೆ. 2024ರ ಜನವರಿ 6ರಂದು ಅಲ್ಲಿಗೆ ಸೇರಿದ ಆದಿತ್ಯ-ಎಲ್1ರಲ್ಲೂ ಕಾಂತಮಾಪಕ ಇದೆ. ಅಲ್ಲಿ ದಿಕ್ಕು ತಿಳಿದ ಮೇಲೆ ಪ್ಲಾಸ್ಮಾ ಇಲ್ಲಿಗೆ ತಲುಪಲು ಉಳಿಯುವುದು ಸುಮಾರು ಒಂದು ಗಂಟೆ, ವೇಗ ಜಾಸ್ತಿಯಿದ್ದರೆ ಕಾಲು ಗಂಟೆ. ವಿದ್ಯುತ್ ಜಾಲ ನಡೆಸುವವರು ತಮ್ಮ ಹೊರೆಯನ್ನು ಹೊಂದಿಸಿಕೊಳ್ಳಬೇಕಾದದ್ದು ಅಷ್ಟರೊಳಗೆ. ನಮ್ಮ ಕ್ಷೇತ್ರದ ಅತಿ ದೊಡ್ಡ ಕೊರತೆ ಇದೇ ಎಂದು ನಾನು ನಂಬಿದ್ದೇನೆ. ಇನ್ನಷ್ಟು ಚೆಂದದ ಚಿತ್ರಗಳಿಗಿಂತ ಈ ಅವಧಿಯನ್ನು ಹಿಗ್ಗಿಸಲು ಹಣ, ಬುದ್ಧಿ ಹೋಗಬೇಕು. ಸೂರ್ಯನಿಗೆ ಇನ್ನೂ ಹತ್ತಿರ, ಭೂಮಿಯ ದಾರಿಯಲ್ಲೇ ಒಂದಷ್ಟು ಕಾಂತಮಾಪಕಗಳು ಸದಾ ಇದ್ದರೆ ಗಂಟೆಗಳ ಮುನ್ಸೂಚನೆ ಸಾಧ್ಯ.

ಅಲ್ಲಿಯವರೆಗೆ, ಮುಂದಿನ ಸಲ ‘ಎಕ್ಸ್’ ಎಂಬ ಸುದ್ದಿ ಬಂದಾಗ ಹೀಗೆ ವಿಚಾರಿಸಿ. ಜ್ವಾಲೆ ಸೂರ್ಯನ ಬಿಂಬದ ನಡುವೆ ಎದ್ದಿದೆಯಾ, ಅಂಚಿನಲ್ಲಾ? ಜೊತೆಗೆ ಸಿಎಂಇ ಹೊರಟಿದೆಯಾ? ಹೊರಟಿದ್ದರೆ ಎರಡು ದಿನ ಬಿಟ್ಟು ಬಿ-ಝೆಡ್ ನೋಡಿ. ಎಲ್1ರಿಂದ ಬರುವ ಆ ಗೆರೆ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಕಾಣುತ್ತದೆ. ಅದು ಸೊನ್ನೆಯ ಕೆಳಗಿಳಿದು ಅಲ್ಲೇ ಉಳಿದರೆ ಬಿರುಗಾಳಿ ಶುರುವಾಗುತ್ತಿದೆ ಎಂದರ್ಥ.