ಹೊಲ ಉಳಿಯಿತು, ಬೇಸಾಯ ಉಳಿಯಿತಾ?

"ಟೌನಿಗೆ ಮಾರಿದ ಮೇಲೂ ನಾವೇ ಉಳಬಹುದಾ?" ನನ್ನ ಎದುರು ಬಂದು ಕೂರುವ ರೈತರು ಮೊದಲು ಕೇಳುವುದು ಇದನ್ನೇ. ಟೌನು ಎಂದರೆ ಇಲ್ಲಿನ ಸ್ಥಳೀಯ ಆಡಳಿತ, ಹೊಲಗಳಲ್ಲಿ ಮನೆ ಏಳದಂತೆ ಉಳಿಸಲು ಅದು ರೈತರಿಂದ ಕೊಳ್ಳುತ್ತದೆ. ನಾನು ಭೂ ಯೋಜನೆಯ ಕೆಲಸ ಮಾಡುವುದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಪೂರ್ವ ತುದಿಯಲ್ಲಿ, ಜನ ಹ್ಯಾಂಪ್ಟನ್ಸ್ ಎಂದು ಕರೆಯುವ ಕಡಲ ಊರುಗಳಲ್ಲಿ. ಬೇಸಿಗೆ ಬಂದರೆ ಮ್ಯಾನ್‌ಹಟನ್ನಿನ ಸಿರಿವಂತರೆಲ್ಲ ಇಲ್ಲೇ. ಆದರೆ ಅವರ ಬಂಗಲೆಗಳ ಹಿಂದೆ ಇರುವುದು ಆಲೂಗಡ್ಡೆ ಬೆಳೆದ ಹೊಲಗಳು. ಬ್ರಿಜ್‌ಹ್ಯಾಂಪ್ಟನ್ ಊರಿನ ಹೆಸರಿನ ಮಣ್ಣೇ ಒಂದಿದೆ. ಮೆದು, ಫಲವತ್ತು, ನೀರು ಹಿಡಿದಿಟ್ಟುಕೊಳ್ಳುತ್ತದೆ. ನೆಲವೂ ಸಪಾಟು. ರೈತನಿಗೆ ಇಷ್ಟವಾದ ಜಾಗ ಬಿಲ್ಡರ್‌ಗೂ ಇಷ್ಟ, ಅದೇ ತೊಂದರೆ.

ರೈತರ ಪ್ರಶ್ನೆಗೆ ನನ್ನ ಉತ್ತರ: ಉಳಬಹುದು, ನೀವು ಏನನ್ನು ಮಾರುತ್ತಿದ್ದೀರಿ ಎಂಬುದರ ಮೇಲೆ. ಜಮೀನನ್ನೇ ಮಾರಬಹುದು. ಇಲ್ಲವೇ ಅದರ ಮೇಲೆ ಮನೆ ಕಟ್ಟುವ ಹಕ್ಕನ್ನಷ್ಟೇ ಮಾರಬಹುದು. ಎರಡನೆಯದರಲ್ಲಿ ಹೊಲ ನಿಮ್ಮದೇ, ಉಳುಮೆ ನಿಮ್ಮದೇ, ಮನೆ ಮಾತ್ರ ಎಂದೂ ಏಳಬಾರದು. ಈ ಪದ್ಧತಿಯನ್ನು ಅಮೆರಿಕದಲ್ಲಿ ಮೊದಲು ತಂದದ್ದೇ ಇಲ್ಲಿನ ಸಫೋಕ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು), 1970ರ ದಶಕದಲ್ಲಿ. ರೈತನಿಗೆ ಇದರಿಂದ ಇನ್ನೊಂದು ಲಾಭವಿದೆ. ಅಪ್ಪ ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಯ (ಎಸ್ಟೇಟ್ ಟ್ಯಾಕ್ಸ್) ಲೆಕ್ಕ ಹಾಕುವುದು ಮಾರುಕಟ್ಟೆ ಬೆಲೆಯ ಮೇಲೆ. ಕೈಯಲ್ಲಿ ಕಾಸಿಲ್ಲದ ಮಕ್ಕಳು ತೆರಿಗೆ ಕಟ್ಟಲೆಂದೇ ಹೊಲ ಮಾರಿದ್ದುಂಟು. ಕಟ್ಟುವ ಹಕ್ಕು ಹೋದ ಮೇಲೆ ಹೊಲದ ಬೆಲೆ ಇಳಿಯುತ್ತದೆ, ತೆರಿಗೆಯೂ ಇಳಿಯುತ್ತದೆ.

ಇಷ್ಟೊಂದು ದುಡ್ಡು ಟೌನಿಗೆ ಎಲ್ಲಿಂದ? ಮನೆ ಕೊಳ್ಳುವವರಿಂದಲೇ. 1998ರಲ್ಲಿ ಈಸ್ಟ್ ಹ್ಯಾಂಪ್ಟನ್, ಸೌತ್‌ಹ್ಯಾಂಪ್ಟನ್, ಶೆಲ್ಟರ್ ಐಲೆಂಡ್, ಸೌತ್‌ಹೋಲ್ಡ್, ರಿವರ್‌ಹೆಡ್ ಎಂಬ ಐದು ಟೌನುಗಳ ಮತದಾರರು ಜಾಗ ಉಳಿಸುವ ನಿಧಿಗೆಂದು ಹೊಸದೊಂದು ತೆರಿಗೆಗೆ ಒಪ್ಪಿದರು. ಆಸ್ತಿ ಕೊಂಡವರು ಬೆಲೆಯ ಶೇ 2ರಷ್ಟನ್ನು ಕಟ್ಟಬೇಕು. ಕೆಳಗಿನ ಒಂದು ಮಿತಿಯವರೆಗೆ ವಿನಾಯಿತಿ ಇದೆ. 50 ಲಕ್ಷ ಡಾಲರಿನ ಮನೆ ಕೊಂಡರೆ ಹತ್ತಿರ ಹತ್ತಿರ 1 ಲಕ್ಷ ಡಾಲರ್ ನೇರ ಈ ನಿಧಿಗೆ. 1999ರಿಂದ ಈವರೆಗೆ ಕೂಡಿದ್ದು 200 ಕೋಟಿ ಡಾಲರಿಗೂ ಜಾಸ್ತಿ. ಮ್ಯಾಸಚೂಸೆಟ್ಸ್‌ನ ನಾಂಟಕೆಟ್ ದ್ವೀಪ 1983ರಲ್ಲೇ ಈ ದಾರಿ ಹಿಡಿದಿತ್ತು. 2016ರಲ್ಲಿ ಇಲ್ಲಿನ ಮತದಾರರು ತೆರಿಗೆಯನ್ನು 2050ರವರೆಗೆ ಮುಂದುವರಿಸಿದರು. ಶೇ 20ರವರೆಗಿನ ಹಣವನ್ನು ನೀರಿನ ಶುದ್ಧಿಗೆ ಬಳಸಲೂ ಒಪ್ಪಿದರು. ಇಲ್ಲಿ ಕುಡಿಯುವುದೆಲ್ಲ ಅಂತರ್ಜಲ, ಹಳೆಯ ಸೆಪ್ಟಿಕ್ ಟ್ಯಾಂಕುಗಳ ಸಾರಜನಕ ಅದಕ್ಕೇ ಇಳಿಯುತ್ತದೆ.

ಇದರಲ್ಲೊಂದು ತಮಾಷೆ ಇದೆ. ಮನೆಗಳು ಭರ್ಜರಿಯಾಗಿ ಮಾರಾಟವಾದ ವರ್ಷ ನಿಧಿ ತುಂಬಿ ತುಳುಕುತ್ತದೆ, ಆದರೆ ಆ ವರ್ಷ ಜಮೀನಿನ ಬೆಲೆಯೂ ಮುಗಿಲಲ್ಲಿ. ಮಾರುಕಟ್ಟೆ ಬಿದ್ದಾಗ ಬೆಲೆ ಕೈಗೆಟುಕುತ್ತದೆ, ಆಗ ಖಜಾನೆಯೇ ಸೊರಗಿರುತ್ತದೆ.

ಕೊಳ್ಳುವ ಕ್ರಮ ಹೇಳಿಬಿಡುತ್ತೇನೆ. ಉಳಿಸಬೇಕಾದ ಜಾಗಗಳ ಪಟ್ಟಿ ಟೌನಿನ ಬಳಿ ಮೊದಲೇ ಇರುತ್ತದೆ. ಮಾಲೀಕರು ಒಪ್ಪಿದರೆ ಬೆಲೆ ಕಟ್ಟಿಸಿ, ಸಾರ್ವಜನಿಕ ಸಭೆ ಕರೆದು, ಸೂಪರ್‌ವೈಸರ್ (ಟೌನಿನ ಮುಖ್ಯಸ್ಥ) ಮತ್ತು ನಾಲ್ವರು ಸದಸ್ಯರ ಟೌನ್ ಬೋರ್ಡ್ ಮತ ಹಾಕುತ್ತದೆ. ಸಭೆಯಲ್ಲಿ ಬಹಳ ಜನ ಕೇಳುವುದು ಎಷ್ಟು ಎಕರೆ, ಎಷ್ಟು ಡಾಲರ್ ಅಂತ. ಕರಾರುಪತ್ರದಲ್ಲಿ ಏನು ಬರೆದಿದೆ ಎಂದು ಕೇಳುವವರು ಅಪರೂಪ. ನನಗೆ ಕಸಿವಿಸಿಯಾಗುವುದು ಅಲ್ಲೇ.

ಯಾಕಂದರೆ ಹಳೆಯ ಕರಾರುಗಳು "ಇಲ್ಲಿ ಮನೆ ಕಟ್ಟಬೇಡಿ" ಎಂದವು. "ಇಲ್ಲಿ ಬೆಳೆ ಬೆಳೆಯಿರಿ" ಎನ್ನಲಿಲ್ಲ. ಹೊಲದ ಬೆಲೆ ಇಳಿದೀತು, ಹೊಸ ರೈತರು ಕೊಂಡಾರು ಎಂದು ಎಲ್ಲರ ನಂಬಿಕೆ. ಕೊಂಡವರು ಪಕ್ಕದ ಬಂಗಲೆಯವರು! ಅವರಿಗೆ ಮನೆ ಕಟ್ಟುವುದು ಬೇಕೇ ಇಲ್ಲ. ಬೇಕಾದದ್ದು ಕಿಟಕಿಯಾಚೆಯ ಹಸಿರು. ಆಲೂಗಡ್ಡೆ ಹೊಲ ಕುದುರೆ ಮೇಯುವ ಬಯಲಾಯಿತು, ಸುಮ್ನೆ ಹುಲ್ಲುಹಾಸಾಯಿತು. ರಸ್ತೆಯಂಚಿಗೆ ಆಳೆತ್ತರದ ಬೇಲಿಗಿಡ ಬೆಳೆಸಿದರೆ ದಾರಿಹೋಕರಿಗೆ ಆ ಹಸಿರೂ ಕಾಣುವುದಿಲ್ಲ. ಎಲ್ಲವೂ ಕಾನೂನುಬದ್ಧ. ಉಳಿಸಿದ್ದು ಊರಿನ ದುಡ್ಡು, ನೋಟ ಮಾತ್ರ ಒಬ್ಬರ ಕಿಟಕಿಗೆ.

ಆಮೇಲೆ ಬಂತು ಬಿಗಿ ಕರಾರು. ಸೌತ್‌ಹ್ಯಾಂಪ್ಟನ್ ಟೌನು ಹೊಲದ ಮೇಲೆ ಇನ್ನೂ ಹೆಚ್ಚಿನ ಹಕ್ಕುಗಳನ್ನು ಕೊಳ್ಳತೊಡಗಿತು: ಆಹಾರದ ಬೆಳೆಯನ್ನೇ ಬೆಳೆಯಬೇಕು, ಬೀಳು ಬಿಡಬಾರದು, ಮರುಮಾರಾಟದ ಬೆಲೆ ಬೇಸಾಯಕ್ಕೆ ನಿಲುಕುವಷ್ಟೇ ಇರಬೇಕು. 1983ರಿಂದ ಇಲ್ಲಿರುವ, ಜಮೀನು ಉಳಿಸುವ ಸಂಸ್ಥೆ ಪಿಕಾನಿಕ್ ಲ್ಯಾಂಡ್ ಟ್ರಸ್ಟ್ ಇಂಥ ವ್ಯವಹಾರಗಳಲ್ಲಿ ಕೈಜೋಡಿಸಿದೆ. ಎಕರೆಗೆ ಖರ್ಚು ಜಾಸ್ತಿ, ಹಾಗಾಗಿ ಉಳಿಯುವ ಎಕರೆ ಕಡಿಮೆ. ನನ್ನನ್ನು ಕೇಳಿದರೆ ಹತ್ತು ಎಕರೆ ತರಕಾರಿ ಹೊಲ ನೂರು ಎಕರೆ ಹುಲ್ಲುಹಾಸಿಗಿಂತ ವಾಸಿ. ಜೊತೆಯವರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಅಂತರ್ಜಲಕ್ಕೆ ಹುಲ್ಲಾದರೂ ಸರಿ ಎನ್ನುತ್ತಾರೆ.

ಇನ್ನು ಮನೆಗಳ ಮಾತು. ಮನೆ ಕಟ್ಟಲು ಉಳಿದ ಜಾಗ ಕಡಿಮೆಯಾದಷ್ಟೂ ಮನೆಗಳ ಬೆಲೆ ಏರುತ್ತದೆ, ಅಲ್ವಾ? ಬಡಗಿ, ಶಿಕ್ಷಕಿ, ತೋಟದಾಳು ದೂರದಿಂದ ಬರುತ್ತಾರೆ. ಬೆಳಿಗ್ಗೆ 27ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ತೆವಳುವ ಪಿಕಪ್ ಸಾಲಿಗೆ ಇಲ್ಲಿನವರು ಟ್ರೇಡ್ ಪರೇಡ್, ಅಂದರೆ ಕಸುಬುದಾರರ ಮೆರವಣಿಗೆ, ಎನ್ನುತ್ತಾರೆ. 2022ರಲ್ಲಿ ರಿವರ್‌ಹೆಡ್ ಬಿಟ್ಟು ಉಳಿದ ನಾಲ್ಕು ಟೌನುಗಳು ವಸತಿ ನಿಧಿಗೆಂದು ಇನ್ನೂ ಶೇ 0.5 ತೆರಿಗೆಗೆ ಒಪ್ಪಿದವು. ಬಹಳ ತಡವಾಯಿತು ಎಂದೇ ನನ್ನ ಅಭಿಪ್ರಾಯ.

ರೈತರ ಎರಡನೇ ಪ್ರಶ್ನೆಯೂ ಇದೇ: "ಹಕ್ಕು ಮಾರಿದರೆ ನಮ್ಮ ಮಗ ಮನೆ ಎಲ್ಲಿ ಕಟ್ಟಿಕೊಳ್ಳಬೇಕು?" ಸಹಿ ಹಾಕಿದ ಮೇಲೆ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಸಹಿಗೆ ಮೊದಲೇ ಆದರೆ ನಕ್ಷೆ ಹರಡುತ್ತೇನೆ. ರಸ್ತೆ ಬದಿಯ ಒಂದು ಮೂಲೆಯನ್ನು ಕರಾರಿನಿಂದ ಹೊರಗಿಟ್ಟು ಸರ್ವೇಯವರಿಂದ ಅಳತೆ ಮಾಡಿಸಿ ಎನ್ನುತ್ತೇನೆ.